ಗಣಪನಿಗೆ ಎಕ್ಕದ ಹಾರ

ಮಕ್ಕಳೇ, ಗಣೇಶ ಚೌತಿಗೆ ದುಡ್ಡು ಕೊಟ್ಟು ಕೊಳ್ಳುವ ಎಕ್ಕದ ಹೂ, ಉಳಿದ ದಿನ ರಸ್ತೆಬದಿಯ ಪಾಳು ಜಾಗದಲ್ಲಿ ಕೇಳುವವರಿಲ್ಲದೆ ಅರಳುತ್ತದೆ. ಐದು ಎಸಳು, ನಡುವೆ ಪುಟ್ಟ ಕಿರೀಟ. ಸಂಸ್ಕೃತದಲ್ಲಿ ಇದು ಅರ್ಕ. ಸೂರ್ಯನಿಗೂ ಅದೇ ಹೆಸರು. ರಥಸಪ್ತಮಿಯಂದು ಏಳು ಎಕ್ಕದ ಎಲೆಗಳನ್ನು ತಲೆ, ಭುಜಗಳ ಮೇಲಿಟ್ಟು ಸ್ನಾನ ಮಾಡುತ್ತೇವೆ. ಸೂರ್ಯನ ರಥದ ಕುದುರೆಗಳೂ ಏಳೇ ಅಲ್ಲವೇ?

ಬಿಳಿ ಎಕ್ಕಕ್ಕಂತೂ ಮಂತ್ರಶಕ್ತಿಯ ಕೀರ್ತಿ. ಬೇರಿನಲ್ಲಿ ಗಣಪ ತಾನಾಗಿ ಮೂಡುತ್ತಾನೆ, ಮನೆಯಲ್ಲಿಟ್ಟರೆ ದೃಷ್ಟಿ ತಾಗದು, ಹಣ ನಿಲ್ಲುತ್ತದೆ ಎನ್ನುತ್ತಾರೆ. ಬಹಳ ಸಲ ಆ ಗಣಪನನ್ನು ಉಳಿ ಹಿಡಿದು ಕೆತ್ತಿರುತ್ತಾರೆ! ಹಣದ ಮಾತಿಗೆ, ಬ್ಯಾಂಕಿನ ಕೌಂಟರಿನಲ್ಲಿ ಕೂತವನಾದ ನಾನು ಆರ್.ಡಿ. ಖಾತೆಯನ್ನೇ ನಂಬುತ್ತೇನೆ. ಹಿಂದೆ ಮೂರನೇ ಮದುವೆಯಾಗುವ ಗಂಡಿಗೆ ಮೊದಲು ಎಕ್ಕದ ಗಿಡದೊಡನೆ ಮದುವೆ ಮಾಡಿಸುತ್ತಿದ್ದರು, ಕೆಡುಕು ಅದಕ್ಕೆ ತಗಲಲಿ ಎಂದು. ಪಾಪದ ಗಿಡ!

ಆದರೆ ಎಕ್ಕದ ಹಾಲಿಗೆ ಹೆದರಬೇಕೆಂಬ ಹಿರಿಯರ ಮಾತು ಬರೀ ನಂಬಿಕೆಯಲ್ಲ. ಮೊಗ್ಗು ಹಿಸುಕಿ ಟಪ್ಪೆನಿಸುವ ಆಟ ನಿಮಗೆ ಗೊತ್ತು. ಹಾಲು ಅಂಟಿದ ಬೆರಳಿನಿಂದ ಕಣ್ಣುಜ್ಜಿದರೆ ನೋಟ ಮಂಜಾಗುತ್ತದೆ. ಎಷ್ಟೋ ಸಲ ನೋವೇ ಇರುವುದಿಲ್ಲ. ಅದಕ್ಕೇ ಜನ ಉದಾಸೀನ ಮಾಡುತ್ತಾರೆ. ಹಾಗೆ ಮಾಡಬೇಡಿ. ಕೂಡಲೇ ಶುದ್ಧ ನೀರಿನಲ್ಲಿ ಬಹಳ ಹೊತ್ತು ತೊಳೆದು ಕಣ್ಣಿನ ಡಾಕ್ಟರ ಬಳಿ ಹೋಗಬೇಕು. ಹೂ ಬಿಡಿಸುವ ಕೆಲಸ ಅಜ್ಜ-ಅಜ್ಜಿಯರದಾಗಲಿ. ಮಕ್ಕಳು ಪೋಣಿಸಿ, ಸೋಪು ಹಚ್ಚಿ ಕೈ ತೊಳೆಯಲಿ.

ಎಲೆಯಡಿ ಪಟ್ಟೆಪಟ್ಟೆಯ ಹುಳು ಕಂಡರೆ ಹಾಗೇ ಬಿಡಿ. ಈ ವಿಷದೆಲೆಯನ್ನೇ ತಿಂದು ಅದು ಹಕ್ಕಿಗಳಿಗೆ ರುಚಿಸದ ಕಿತ್ತಳೆ ಬಣ್ಣದ ಚಿಟ್ಟೆಯಾಗುತ್ತದೆ.