ಚಿತ್ರವನ್ನು ಉಳಿಸುವ ತಟ್ಟೆ

ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ಶಂಕರ್ ನಾಗ್ ಅವರು ಚಿತ್ರಿಸಿದ 'ಮಾಲ್ಗುಡಿ ಡೇಸ್' ಧಾರಾವಾಹಿಯನ್ನು 1980ರ ದಶಕದಲ್ಲಿ ದೂರದರ್ಶನವು ಪ್ರಸಾರ ಮಾಡಿತು. ಅಂತಹ ಕಾರ್ಯಕ್ರಮವನ್ನು ಮನೆಯಲ್ಲಿ ಉಳಿಸಿಕೊಳ್ಳಲು ಆಗ ಇದ್ದ ಸಾಧನವೆಂದರೆ ವಿಡಿಯೊ ಕ್ಯಾಸೆಟ್. ಅದೇ ತಾಲ್ಲೂಕಿನ ಕೋಣಂದೂರಿನಂತಹ ಊರುಗಳಲ್ಲಿ ಮಳೆಗಾಲದ ತೇವಕ್ಕೆ ಅಡಿಕೆಗೂ ಬೂಷ್ಟು ಹಿಡಿಯುತ್ತದೆ. ಕ್ಯಾಸೆಟ್ಟಿನ ಸುರುಳಿಯನ್ನು ಅದು ಬಿಟ್ಟೀತೇ?

1996ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಡಿವಿಡಿ ತಟ್ಟೆಯು ಬೇರೊಂದು ದಾರಿಯನ್ನು ತೋರಿಸಿತು. ಮನೆಯಲ್ಲಿಯೇ ಅದರ ಮೇಲೆ ಮುದ್ರಿಸುವ ಯಂತ್ರಗಳು ಅನಂತರ ಬಂದವು. ಲೇಸರ್ ಕಿರಣವು ತಟ್ಟೆಯೊಳಗಿನ ಪದರದಲ್ಲಿ ಗುರುತುಗಳನ್ನು ಮೂಡಿಸುತ್ತದೆ. ಓದುವಾಗಲೂ ಆ ಪದರವನ್ನು ಮುಟ್ಟುವುದು ಬೆಳಕು ಮಾತ್ರ. ಆದುದರಿಂದ ಅದು ಸವೆಯುವುದಿಲ್ಲ.

ಇಂತಹ ಯಂತ್ರವನ್ನು ಆರಿಸುವವರು 'ಎಷ್ಟು ಗಂಟೆ ಹಿಡಿಯುತ್ತದೆ?' ಎಂದೇ ಮೊದಲು ಕೇಳುತ್ತಾರೆ. ಇದು ಅರ್ಧ ಪ್ರಶ್ನೆ. 4.7 ಗಿಗಾಬೈಟಿನ ತಟ್ಟೆಯಲ್ಲಿ ಒಳ್ಳೆಯ ಚಿತ್ರ ಸುಮಾರು 2 ಗಂಟೆ ಹಿಡಿಯುತ್ತದೆ. ಅಲ್ಲಿಯೇ 6 ಗಂಟೆ ತುಂಬಿದರೆ ಪ್ರತಿ ಕ್ಷಣದ ಪಾಲಿಗೆ ಮೂರನೆಯ ಒಂದಂಶ ಮಾಹಿತಿ. ಯಕ್ಷಗಾನದ ಕುಣಿತದಂತಹ ವೇಗದ ಚಲನೆಯು ಚೌಕಚೌಕವಾಗಿ ಒಡೆದು ಕಾಣುತ್ತದೆ. ಒಳಗೆ ಹಾರ್ಡ್ ಡಿಸ್ಕ್ ಇರುವ ಯಂತ್ರವೇ ಮೇಲು. ಮೊದಲು ಅದರಲ್ಲಿ ಹಿಡಿದು, ಜಾಹೀರಾತುಗಳನ್ನು ತೆಗೆದು, ಬೇಕಾದುದನ್ನಷ್ಟೇ ತಟ್ಟೆಗೆ ಇಳಿಸಬಹುದು. ಉಳಿಯಬೇಕಾದುದಕ್ಕೆ ಒಮ್ಮೆ ಮಾತ್ರ ಬರೆಯುವ ತಟ್ಟೆಯೇ ಸರಿ; ಅದರ ಮೇಲೆ ಯಾರೂ ಕ್ರಿಕೆಟ್ ಪಂದ್ಯವನ್ನು ಮುದ್ರಿಸಲಾರರು! ಬರೆದ ಮೇಲೆ 'ಫೈನಲೈಸ್' ಎಂಬ ಕ್ರಿಯೆಯನ್ನು ಮರೆತರೆ ಆ ತಟ್ಟೆ ನೆರೆಮನೆಯ ಯಂತ್ರದಲ್ಲಿ ಓಡದೆ ಹೋಗಬಹುದು.

ಈಗ ಈ ಯಂತ್ರಗಳ ತಯಾರಿಕೆ ಬಹುಮಟ್ಟಿಗೆ ನಿಂತಿದೆ. ಆದರೂ ಅಟ್ಟದಲ್ಲಿ ಮದುವೆಯ, ಬಯಲಾಟದ ಕ್ಯಾಸೆಟ್ಟುಗಳಿರುವ ಮನೆಗಳಿಗೆ ಹಳೆಯದೊಂದು ಯಂತ್ರ ಸಿಕ್ಕರೂ ಉಪಯೋಗವುಂಟು. ಕ್ಯಾಸೆಟ್ ಯಂತ್ರವನ್ನು ಅದಕ್ಕೆ ಜೋಡಿಸಿ ಸುರುಳಿಯ ಚಿತ್ರವನ್ನು ತಟ್ಟೆಗೆ ಇಳಿಸಬಹುದು. ಬೂಷ್ಟು ಹಿಡಿದ ಸುರುಳಿಯನ್ನು ಮಾತ್ರ ಶುಚಿಗೊಳಿಸದೆ ಹಾಕಬಾರದು; ಅದು ಯಂತ್ರಕ್ಕೂ ಅಂಟಿ, ಮುಂದಿನ ಕ್ಯಾಸೆಟ್ಟನ್ನೂ ಕೆಡಿಸುತ್ತದೆ.