ಹಳಿ ಬಡಿದು ಕೇಳುವವರು

ಚೆನ್ನೈನ ಮಾಂಬಲಂ ಸ್ಟೇಷನ್ನಿನ ಪೂರ್ವಕ್ಕೆ ಇಳಿದರೆ ರಂಗನಾಥನ್ ಬೀದಿಯ ನೂಕುನುಗ್ಗಲು. ಪಶ್ಚಿಮಕ್ಕೆ ಇಳಿದರೆ ವೆಸ್ಟ್ ಮಾಂಬಲಂ. ಈ ಕಡೆ ಬೆಳಗಿನ ಹೊತ್ತು ಕಾಫಿಪುಡಿಯ ಘಮ, ಮೊಳ ಹಾಕಿ ಮಲ್ಲಿಗೆ ಮಾರುವವರ ಕೂಗು, ಅಯೋಧ್ಯಾ ಮಂಟಪದತ್ತ ಬಿರಬಿರನೆ ಹೊರಟ ಪಂಚೆಗಳು. ಈ ಗದ್ದಲದಲ್ಲಿ ಪ್ಲಾಟ್‌ಫಾರಂ ತುದಿಯಾಚೆಯ ಟಣ್ ಟಣ್ ಯಾರಿಗೆ ಕೇಳಬೇಕು?

ಸ್ವಲ್ಪ ನಿಲ್ಲಿ, ಅತ್ತ ನೋಡಿ. ಕಿತ್ತಳೆ ಬಣ್ಣದ ಜಾಕೆಟ್ಟು, ಕೈಯಲ್ಲಿ ಸುತ್ತಿಗೆ, ಹೆಗಲಿಗೆ ಸ್ಪ್ಯಾನರು, ಬಾವುಟ. ಇವರು ಕೀಮ್ಯಾನ್. ಹಳಿಯನ್ನು ಅದರಡಿಯ ಅಡ್ಡತೊಲೆಗೆ, ಅಂದರೆ ಸ್ಲೀಪರಿಗೆ, ಕಚ್ಚಿ ಹಿಡಿದಿರುವ ಬಾಗಿದ ಉಕ್ಕಿನ ಕ್ಲಿಪ್ಪುಗಳ ಮೇಲೆ ಕಣ್ಣಾಡಿಸುತ್ತ, ಅನುಮಾನ ಬಂದಲ್ಲಿ ಒಂದೇಟು ಹಾಕುತ್ತ ನಡೆಯುತ್ತಾರೆ. ಸಂತೆಯಲ್ಲಿ ಗಡಿಗೆ ಬಡಿದು ಕೊಳ್ಳುವವರ ಹಾಗೆ, ಇವರ ಲೆಕ್ಕವೂ ಕಿವಿಯದ್ದೇ. ಬಿಗಿಯಾಗಿದ್ದರೆ ಖಣಿಲು, ಸಡಿಲಾಗಿದ್ದರೆ ಬೊದ್ದು ಸದ್ದು. ಬೋಲ್ಟಿನ ಬುಡದಲ್ಲಿ ಕೆಂಪನೆ ತುಕ್ಕಿನ ಹುಡಿ ಕಂಡರೆ ಒಳಗೆ ಕಬ್ಬಿಣ ಕಬ್ಬಿಣವನ್ನು ತಿನ್ನುತ್ತಿದೆ ಎಂದರ್ಥ. ಸ್ಲೀಪರಿನ ಅಂಚಿಗೆ ಬಿಳಿ ಪುಡಿ ಕೂತಿದ್ದರೆ ಅಡಿಯ ಜಲ್ಲಿ ಒಂದಕ್ಕೊಂದು ಉಜ್ಜಿ ಸವೆಯುತ್ತಿದೆ.

1931ರಲ್ಲಿ ಬೀಚ್–ತಾಂಬರಂ ನಡುವೆ ಕರೆಂಟಿನ ರೈಲು ಓಡಿದಾಗ ಇಲ್ಲಿದ್ದದ್ದು ಮೀಟರ್ ಗೇಜ್. ಈಗ 1,676 ಮಿಲಿಮೀಟರಿನ ಬ್ರಾಡ್‌ಗೇಜ್; ಮರದ ಸ್ಲೀಪರಿನ ಜಾಗಕ್ಕೆ ಕಾಂಕ್ರೀಟು ಬಂತು, ಹಿಂದೆ ಹಳಿಯನ್ನು ಬಿಗಿಹಿಡಿಯುತ್ತಿದ್ದ ಕೀಲಿಯ (ಕೀ) ಜಾಗಕ್ಕೆ ಕ್ಲಿಪ್ಪು ಬಂತು. ಕೀಲಿ ಹೋದರೂ ಕೀಮ್ಯಾನ್ ಹೋಗಲಿಲ್ಲ. ತನ್ನ ಪಾಲಿನ ದಾರಿಯನ್ನು ದಿನಕ್ಕೊಮ್ಮೆ ನಡೆದೇ ನೋಡಬೇಕು, ಹೋದ ಮಗ್ಗುಲಲ್ಲೇ ಮರಳಬಾರದು ಎಂಬ ರೈಲ್ವೆಯ ಹಳೇ ನಿಯಮವೂ ಹೋಗಲಿಲ್ಲ.

ಅಲ್ಟ್ರಾಸೋನಿಕ್ ಯಂತ್ರಗಳಿವೆಯಲ್ಲ ಎನ್ನಬಹುದು. ಇವೆ, ಬೇಕೂ ಬೇಕು. ಹಳಿಯ ಹೊಟ್ಟೆಯೊಳಗಿನ ಬಿರುಕು ಸುತ್ತಿಗೆಗೆ ಸಿಗುವುದಿಲ್ಲ. ಯಂತ್ರ ಅದನ್ನು ಪ್ರತಿಧ್ವನಿಯಿಂದ ಹಿಡಿಯುತ್ತದೆ. ಅದೂ ಒಂದು ಬಗೆಯಲ್ಲಿ ಬಡಿದು ಕೇಳುವುದೇ! ಆದರೆ ಯಂತ್ರ ದಿನಾ ಬರುವುದಿಲ್ಲ. ಅದೇ ದಾರಿಯನ್ನು ನಿನ್ನೆಯೂ ಮೊನ್ನೆಯೂ ತುಳಿದವರಿಗೆ ಮಾತ್ರ ಇವತ್ತು ಏನು ಬದಲಾಗಿದೆ ಎಂಬುದು ಥಟ್ಟನೆ ಕಣ್ಣಿಗೆ ಬೀಳುತ್ತದೆ. ನನಗಂತೂ ಈ ಕಸುಬಿನ ದೊಡ್ಡ ಬಂಡವಾಳ ಸುತ್ತಿಗೆಗಿಂತ ಈ ನೆನಪೇ ಅನ್ನಿಸುತ್ತದೆ.

ಅಗೋ, ತಾಂಬರಂ ಲೋಕಲ್ ಬಂತು. ಕೀಮ್ಯಾನ್ ದೂರ ಸರಿದು ನಿಂತರು. ನಾವು ಕಿಟಕಿಯ ಮುಖಗಳನ್ನು ನೋಡುತ್ತೇವೆ; ಅವರ ನೋಟ ಚಕ್ರದ ಕೆಳಗೆ, ಯಾವ ಸ್ಲೀಪರ್ ಎಷ್ಟು ಕುಣಿಯಿತು ಎಂಬುದರ ಮೇಲೆ. ಜಾಸ್ತಿ ಕುಣಿದ ಕಡೆ ಅಡಿಯಲ್ಲಿ ಟೊಳ್ಳಿದೆ. ಅಲ್ಲಿಗೆ ಹಳಿ ದುರಸ್ತಿಯ ಗ್ಯಾಂಗು ಬಂದು ಜಲ್ಲಿ ತುರುಕಿ ಗಟ್ಟಿ ಮಾಡಬೇಕು.