ರಣರಂಗದ ತಾಯಿ

ಹೊಸಬರನ್ನು ಕಂಡ ಕೂಡಲೇ ನಾವು ಏನು ನೋಡುತ್ತೇವೆ? ಬಣ್ಣ ನೋಡುತ್ತೇವೆ. ಉಡುಗೆ ನೋಡುತ್ತೇವೆ. "ಇವಳ ಕೈಲಿ ಏನಾಗುತ್ತೆ?" ಅಂದುಬಿಡುತ್ತೇವೆ. ಗುಣ ತಿಳಿಯುವ ಮೊದಲೇ ಹೀಗೆ ಅಳೆಯುವುದನ್ನು ಪೂರ್ವಗ್ರಹ ಎನ್ನುತ್ತಾರೆ. ಅದನ್ನು ಎದುರಿಸಿ ಗೆದ್ದ ಒಬ್ಬ ಹೆಂಗಸಿನ ಕತೆ ಕೇಳಿ.

ಆಕೆಯ ಹೆಸರು ಮೇರಿ ಸೀಕೋಲ್. ಹುಟ್ಟಿದ್ದು 1805ರಲ್ಲಿ, ಜಮೈಕಾ ಎಂಬ ದ್ವೀಪದಲ್ಲಿ. ಅಲ್ಲಿ ಆಗ ಬ್ರಿಟಿಷರ ಆಳ್ವಿಕೆ ಇತ್ತು. ತಂದೆ ಬಿಳಿಯ ಸೈನಿಕ. ತಾಯಿ ಕಪ್ಪು ಬಣ್ಣದವಳು. ಗಿಡಮೂಲಿಕೆ ಔಷಧಿ ಕೊಡುವುದರಲ್ಲಿ ಜಾಣೆ. ಮೇರಿ ತಾಯಿಯಿಂದಲೇ ಔಷಧಿ ಕಲಿತಳು. ಕಾಲರಾ ರೋಗಿಗಳ ಆರೈಕೆ ಮಾಡಿದಳು.

1854ರಲ್ಲಿ ಬ್ರಿಟನ್ ರಷ್ಯಾದ ಮೇಲೆ ಯುದ್ಧಕ್ಕೆ ಇಳಿಯಿತು. ದೂರದ ಕ್ರೈಮಿಯಾದಲ್ಲಿ ಕಾಳಗ ನಡೆಯಿತು. ಅಲ್ಲಿ ಗುಂಡೇಟಿಗಿಂತ ರೋಗಕ್ಕೇ ಹೆಚ್ಚು ಸೈನಿಕರು ಸತ್ತರು. ದಾದಿಯರು ಬೇಕಾಗಿದ್ದರು. ಮೇರಿ ಲಂಡನ್ನಿಗೆ ಹೋದಳು. "ನಾನು ಆರೈಕೆ ಮಾಡ್ತೀನಿ, ಕಳಿಸಿ" ಎಂದು ಕೇಳಿದಳು. ಹೋದ ಕಡೆಯೆಲ್ಲ ಬೇಡ ಅಂದರು. ನನ್ನ ಮೈಬಣ್ಣವೇ ಇದಕ್ಕೆ ಕಾರಣವೇ ಎಂದು ಆಕೆಗೆ ಅನ್ನಿಸಿತು. ಬೀದಿಯಲ್ಲಿ ನಿಂತು ಅತ್ತಳು.

ಆದರೆ ಮನೆಗೆ ಮರಳಲಿಲ್ಲ. ಸ್ವಂತ ಖರ್ಚಿನಲ್ಲಿ ಹಡಗು ಹತ್ತಿದಳು. 1855ರಲ್ಲಿ ರಣರಂಗದ ಹತ್ತಿರವೇ ಹಳೆಯ ಮರ, ತಗಡು ಸೇರಿಸಿ ಒಂದು ಅಂಗಡಿ ಕಟ್ಟಿಸಿದಳು. ಅಲ್ಲಿ ಬಿಸಿ ಊಟ, ಚಹಾ ಸಿಗುತ್ತಿತ್ತು. ಕಾಯಿಲೆಯವರಿಗೆ ಔಷಧಿ ಕೊಡುತ್ತಿದ್ದಳು. ಕಾಳಗದ ಜಾಗಕ್ಕೂ ಹೋಗಿ ಗಾಯಕ್ಕೆ ಪಟ್ಟಿ ಕಟ್ಟುತ್ತಿದ್ದಳು. ಗಾಯಗೊಂಡ ರಷ್ಯಾದ ಸೈನಿಕರನ್ನೂ ಉಪಚರಿಸಿದಳು. ನೋವಿಗೆ ಶತ್ರು ಯಾರು, ಮಿತ್ರ ಯಾರು?

ಬಿಳಿಯ ಸೈನಿಕರು ಆಕೆಯನ್ನು 'ತಾಯಿ ಸೀಕೋಲ್' ಎಂದು ಕರೆದರು.

1856ರಲ್ಲಿ ಯುದ್ಧ ಮುಗಿಯಿತು. ತಂದ ಸರಕು ಮಾರಾಟವಾಗದೆ ಉಳಿಯಿತು. ಮೇರಿ ಸಾಲಗಾರಳಾದಳು. ಆಗ ಆಕೆಯ ಅಭಿಮಾನಿಗಳು ಸುಮ್ಮನಿರಲಿಲ್ಲ. 1857ರಲ್ಲಿ ಲಂಡನ್ನಿನಲ್ಲಿ ಉತ್ಸವ ನಡೆಸಿ ಆಕೆಗಾಗಿ ಹಣ ಕೂಡಿಸಿದರು. ಅದೇ ವರ್ಷ ಮೇರಿ ತನ್ನ ಬದುಕಿನ ಕತೆಯನ್ನು ಪುಸ್ತಕ ಮಾಡಿದಳು. 1881ರಲ್ಲಿ ತೀರಿಕೊಂಡಳು. ಜನ ಆಕೆಯನ್ನು ಬಹುಕಾಲ ಮರೆತಿದ್ದರು. 2016ರಲ್ಲಿ ಲಂಡನ್ನಿನ ಒಂದು ದೊಡ್ಡ ಆಸ್ಪತ್ರೆಯ ಅಂಗಳದಲ್ಲಿ ಆಕೆಯ ಪ್ರತಿಮೆ ನಿಲ್ಲಿಸಿದರು.

ಲಂಡನ್ನಿನಲ್ಲಿ ಬೇಡವಾದ ಕೈ, ಕ್ರೈಮಿಯಾದಲ್ಲಿ ಜೀವ ಉಳಿಸಿದ ಕೈ, ಎರಡೂ ಒಂದೇ. ಬದಲಾದದ್ದು ನೋಡುವವರ ಕಣ್ಣು.

ಅಕ್ಕಂದಿರೇ, ನೀವೂ ಯೋಚಿಸಿ. ನಿಮ್ಮನ್ನು ಯಾರಾದರೂ ಹೀಗೆ ದೂರ ಇಟ್ಟಿದ್ದರೇ? ನಾವು ಯಾರನ್ನಾದರೂ ದೂರ ಇಟ್ಟಿದ್ದೇವೆಯೇ? ಕೂತು ಮಾತಾಡಿ.